ಕೇಸಿಗೆ ಬಿದ್ದ ವೀರಗಲ್ಲು

ಚರಂಡಿ ಅಗೆಯುವವರ ಹಾರೆಗೆ ಆ ಕಲ್ಲು ಸಿಕ್ಕಿ ನಾಲ್ಕು ತಿಂಗಳಾಗಿತ್ತು. ತಮಿಳು ಸೀಮೆಯ ಮಾಧವರಂ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಸುಬ್ರಾಯರ ಸಸ್ಯಾಹಾರಿ ಹೋಟೆಲಿನ ಎದುರಿಗೇ. ಸೊಂಟದೆತ್ತರದ ವೀರಗಲ್ಲು: ಬಿಲ್ಲು ಹಿಡಿದ ಒಬ್ಬ ವೀರ, ಅವನ ಕಾಲಬಳಿ ಕಿವಿ ನಿಗುರಿಸಿದ ಒಂದು ನಾಯಿ, ಕೆಳಗೆ ಐದು ಸಾಲು ಹಳೆಯ ಅಕ್ಷರ. ಊರು ಕಾಯುತ್ತ ಸತ್ತವನ ಜೊತೆ ಅವನ ನಾಯಿಯನ್ನೂ ಮರೆಯದೆ ಕೆತ್ತಿಸಿದರಲ್ಲ, ಎಂಥ ಪುಣ್ಯಾತ್ಮರು! ಸುಬ್ರಾಯರಿಗೆ ಆ ನಾಯಿಯೆಂದರೆ ಜೀವ.

ಕಚೇರಿಗಳಿಗೆ ಮಾತ್ರ ಅದು ಬರೀ ಕಲ್ಲು. ಸುಬ್ರಾಯರು ಒಂಬತ್ತು ಅರ್ಜಿ ಬರೆದರು. ವಾರ್ಡ್ ಕಚೇರಿಯವರು ಪ್ರಾಚ್ಯವಸ್ತು ಇಲಾಖೆಯವರನ್ನು ಕೇಳಿ ಅಂದರು. ಅವರು, ರಸ್ತೆ ವಾರ್ಡ್ ಕಚೇರಿಯದ್ದಲ್ಲವೇ ಅಂದರು. ಕಲ್ಲಿನ ಮೇಲೆ ಎಳನೀರ ಬುರುಡೆ ಬಿತ್ತು, ಎಲೆಯಡಿಕೆಯ ಉಗುಳು ಬಿತ್ತು, ಒಬ್ಬ ಅಧಿಕಾರಿಯ ಕಣ್ಣೂ ಬೀಳಲಿಲ್ಲ. ಕೊನೆಗೆ ಚರಂಡಿಯ ಮೇಸ್ತ್ರಿ ಬಂದು, ನಾಳೆ ಬೆಳಿಗ್ಗೆ ಇದನ್ನು ಮೂರು ತುಂಡು ಮಾಡಿ ಚರಂಡಿಗೆ ಮುಚ್ಚಳ ಹಾಕುತ್ತೇವೆ ಎಂದು ಹೇಳಿ, ಕಾಫಿ ಕುಡಿದು ಹೋದ.

ಆಗ ಸುಬ್ರಾಯರಿಗೆ ನೆನಪಾದದ್ದು ತಮ್ಮ ‘ಊಟ ರೆಡಿ’ ಬೋರ್ಡು. ಏಳು ವರ್ಷದ ಹಿಂದೆ ಅದನ್ನು ಫುಟ್‌ಪಾತಿಗೆ ಒಂದು ಗೇಣು ಸರಿಸಿದ್ದಕ್ಕೆ ಅರ್ಧ ಗಂಟೆಯಲ್ಲಿ ಒತ್ತುವರಿ ತೆರವಿನ ಲಾರಿ ಬಂದು ಹೊತ್ತೊಯ್ದಿತ್ತು. ದಂಡ ಕಟ್ಟುವುದಿಲ್ಲವೆಂದು ಇವರು ಕೋರ್ಟಿಗೆ ಹೋದರು. ವಕೀಲ ಗಿರಿಧರ್ ವಾಯಿದೆಯ ಮೇಲೆ ವಾಯಿದೆ ತೆಗೆಯುತ್ತಲೇ ಇದ್ದಾರೆ, ಇವರು ಅವರನ್ನು ಬೈಯುತ್ತಲೇ ಇದ್ದಾರೆ. ಬೋರ್ಡು ಮಾತ್ರ ಕಚೇರಿಯ ಶೆಡ್ಡಿನಲ್ಲಿ, ನಂಬರಿನ ಚೀಟಿ ಕಟ್ಟಿಸಿಕೊಂಡು, ಒಂದು ಗೀರೂ ಬೀಳದೆ ಭದ್ರವಾಗಿದೆ. ಕೇಸಿನ ಮಾಲು ನೋಡಿ, ಯಾರೂ ಮುಟ್ಟುವಂತಿಲ್ಲ.

ಸುಬ್ರಾಯರು ಅಡುಗೆಯ ವಿಠ್ಠಲನನ್ನೂ ಸಪ್ಲೈಯರುಗಳನ್ನೂ ಕೂಗಿದರು. ಖಾಲಿ ಸಿಲಿಂಡರುಗಳ ಮೇಲೆ ಕಲ್ಲನ್ನು ಉರುಳಿಸಿ ತಂದು ಫುಟ್‌ಪಾತಿನ ನಟ್ಟನಡುವೆ ನಿಲ್ಲಿಸಿ, ಅದರ ಕೊರಳಿಗೆ ‘ಇಡ್ಲಿ ವಡೆ ಬಿಸಿ ಬಿಸಿ’ ಎಂಬ ಬೋರ್ಡು ನೇತುಹಾಕಿದರು.

"ಇನ್ನು ನನ್ನ ಮೇಲೆ ದೂರು ಕೊಡುವವರು ಯಾರು?"

"ನಾನಿಲ್ಲವಾ?" ಎಂದು ಹೆಂಡತಿ ಅಕ್ಕು ಫೋನು ಎತ್ತಿಕೊಂಡರು. ಮೂವತ್ತು ವರ್ಷ ಕೋಯಂಬೇಡು ಮಾರುಕಟ್ಟೆಯಲ್ಲಿ ತರಕಾರಿ ಚೌಕಾಸಿ ಮಾಡಿ ಹದವಾದ ತಮಿಳು. ಆ ಹೋಟೆಲಿನವ ಫುಟ್‌ಪಾತು ನುಂಗಿದ್ದಾನೆ, ಮಹಾ ಹಟಮಾರಿ, ಯಾರ ಮಾತೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಒದ್ದೆ ಟವೆಲನ್ನು ಮಂಚದ ಮೇಲೇ ಬಿಸಾಡುತ್ತಾನೆ!

"ಟವೆಲ್ ಎಂತಕ್ಕೆ ಮಾರಾಯ್ತಿ?" ಸುಬ್ರಾಯರು ಪಿಸುಗುಟ್ಟಿದರು.

"ಸುಮ್ಮನಿರಿ ನೀವು. ದೂರು ಗಟ್ಟಿ ಇರಬೇಕು."

ಇಪ್ಪತ್ತೈದೇ ನಿಮಿಷ! ಲಾರಿ ಬಂತು, ಕ್ರೇನು ಬಂತು, ಇನ್ಸ್‌ಪೆಕ್ಟರೂ ಬಂದ. ಕಲ್ಲನ್ನು ಒರೆಸಿ, ಗಟ್ಟಿಯಾಗಿ ಓದಿಕೊಳ್ಳುತ್ತ ಮಹಜರು ಬರೆದ: "ಹಳೆಯ ಕಲ್ಲು ಒಂದು. ಮೇಲೆ ಮನುಷ್ಯ ಒಬ್ಬ, ನಾಯಿ ಒಂದು. ಕೆಳಗೆ ಅಕ್ಷರ, ಐದು ಸಾಲು."

ಒಂಬತ್ತು ಅರ್ಜಿಗೆ ಹುಟ್ಟದ ಮಾತು! ಸರಕಾರದ ಕಾಗದದ ಮೇಲೆ, ಮೊಹರಿನ ಸಮೇತ, ನಾಯಿಯೂ ಬಂತು. ಸುಬ್ರಾಯರ ಕಣ್ಣು ತುಂಬಿತು.

ಇನ್ಸ್‌ಪೆಕ್ಟರಿಗೆ ಕನಿಕರವಾಯಿತು. "ಅಳಾದೀಂಗ ಸಾರ್, ಅಳಬೇಡಿ. ಫೈನ್ ಕಟ್ಟಿದ್ರೆ ನಾಳೆಯೇ ಕಲ್ಲು ವಾಪಸ್."

"ಕಟ್ಟುವುದಿಲ್ಲ! ಕೋರ್ಟಿಗೆ ಹೋಗ್ತೇನೆ!" ಎಂದು ಗುಡುಗಿ, ‘ಆರೋಪಿ’ ಎಂಬಲ್ಲಿ ಸುಬ್ರಾಯರು ದೊಡ್ಡದಾಗಿ ಸಹಿ ಹಾಕಿದರು.

ಲಾರಿ ತಿರುವು ದಾಟಿದ ಮೇಲೆ ಅಕ್ಕು ಕಾಫಿ ತಂದಿಟ್ಟರು. "ಅಲ್ಲ ಮಾರಾಯ್ರೆ, ಬೇಗ ತೀರ್ಪು ಬಂದುಬಿಟ್ಟರೆ?"

ಸುಬ್ರಾಯರು ಲೋಟ ಕೆಳಗಿಟ್ಟು ಎದ್ದರು. ಅಯ್ಯೋ, ಇದು ಹೊಳೆದೇ ಇರಲಿಲ್ಲ! ಚಪ್ಪಲಿ ಮೆಟ್ಟಿಕೊಂಡು ನೇರ ಗಿರಿಧರ್ ಆಫೀಸಿಗೆ ಹೋಗಿ, ಕೈಮುಗಿದು, ಏಳು ವರ್ಷ ಬೈದ ಬಾಯಿಂದಲೇ ಕೇಳಿಕೊಂಡರು:

"ಈ ಕೇಸೂ ನೀವೇ ನಡೆಸಬೇಕು ವಕೀಲರೇ. ಅವಸರ ಏನೂ ಇಲ್ಲ."