ಉಗುರ ಸಂದಿಯ ಕೆಂಪು

ಬಲಗೈ ಹೆಬ್ಬೆರಳಿನ ಉಗುರ ಸಂದಿಯಲ್ಲಿದ್ದ ಕೆಂಪು ಮಾತ್ರ ಎಷ್ಟು ಒರೆಸಿದರೂ ಹೋಗಲಿಲ್ಲ. ಮಗಳು ಒದ್ದೆ ಬಟ್ಟೆಯ ಮೂಲೆಯನ್ನು ಹುರಿ ಮಾಡಿ ಮತ್ತೊಮ್ಮೆ ತುರುಕಿ ನೋಡಿದಳು. ರಕ್ತವಲ್ಲ, ರಕ್ತವಾಗಿದ್ದರೆ ಇಷ್ಟು ಹೊತ್ತಿಗೆ ಕಪ್ಪಾಗಿರುತ್ತಿತ್ತು. ಇದು ಬಣ್ಣ. ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳದ ಅಪ್ಪನ ಉಗುರಿಗೆ ಬಣ್ಣ ಎಲ್ಲಿಂದ ಬಂತು?

"ಸಾಕು ಬಿಡೇ. ಉಗುರು ನೋಡೋಕೆ ಯಾರು ಬರ್ತಾರೆ," ಎಂದಳು ಸೋದರತ್ತೆ, ಅಣ್ಣನ ತಲೆ ಬಾಚುತ್ತಾ.

"ಅಪ್ಪ ಇದ್ದಿದ್ರೆ ನೋಡ್ತಿದ್ದ."

ಅದು ಅತ್ತೆಗೂ ಗೊತ್ತಿತ್ತು. ಅವಳ ಅಣ್ಣ ಯಾವುದನ್ನೂ ಸುಮ್ಮನೆ ನಂಬಿದವನಲ್ಲ. ಕಾರ್ಖಾನೆಯಲ್ಲಿ ತಯಾರಾದ ಲೋಹದ ತುಂಡುಗಳನ್ನು ಅಳೆದು, ಸರಿಯಿದ್ದರೆ ಬಿಡುವುದು, ಇಲ್ಲದಿದ್ದರೆ ಕೆಂಪು ಬಣ್ಣ ಬಳಿದು ಆಚೆಗಿಡುವುದು ಅವನ ಕೆಲಸವಾಗಿತ್ತು. ಅಲ್ಲಿ ಬೆನ್ನ ಹಿಂದೆ ಎಲ್ಲರೂ ಅವನನ್ನು 'ಕೂದಲೆಳೆ' ಅನ್ನುತ್ತಿದ್ದರು. ಮನೆಗೆ ಬಂದರೂ ಆ ಕಣ್ಣಿಗೆ ವಿಶ್ರಾಂತಿಯಿಲ್ಲ. ಬಡಗಿ ತಂದ ಮೇಜು, ದರ್ಜಿ ಹೊಲಿದ ಅಂಗಿ, ಹಾಲಿನವನ ಅಳತೆ ಪಾತ್ರೆ, ಎಲ್ಲದರ ಮೇಲೂ ಅನುಮಾನ. ಮಗಳು ಚಿಕ್ಕವಳಿದ್ದಾಗ ಓಡಿ ಬಂದು "ನಾನು ಎತ್ತರ ಆದೆ" ಅಂದರೆ, "ಎಲ್ಲಿಂದ ಅಳೆದೆ, ಅದನ್ನ ಮೊದಲು ಹೇಳು," ಎನ್ನುತ್ತಿದ್ದ. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿ, ತಾನೇ ಮತ್ತೆ ಅಳೆದು, ಆಮೇಲಷ್ಟೇ ನಗುತ್ತಿದ್ದ.

ಹೊರಗೆ ಕುರ್ಚಿಗಳಲ್ಲಿ ಕೂತವರ ಮಾತು ಇದ್ದಕ್ಕಿದ್ದಂತೆ ನಿಂತಿತು. ಚಿಕ್ಕಪ್ಪ ಒಳಗೆ ಬಂದು ಬಾಗಿಲು ಅರ್ಧ ಮುಚ್ಚಿದ.

"ಅವನು ಬಂದಿದಾನೆ. ಮಿಲ್ಲಿಂಗಿನವನು."

ಅತ್ತೆಯ ಬಾಚಣಿಗೆ ಅಲ್ಲೇ ನಿಂತಿತು. "ಯಾವ ಮುಖ ಇಟ್ಕೊಂಡು ಬಂದನಂತೆ?"

"ಸತ್ತಿದ್ದು ಹೌದೋ ಅಲ್ವೋ ನೋಡ್ಕೊಂಡು ಹೋಗೋಣ ಅಂತ ಬಂದಿರ್ತಾನೆ. ಇವನನ್ನ ಒಳಗೆ ಬಿಟ್ರೆ ಏನಾದ್ರೂ ರಾದ್ಧಾಂತ ಆಗುತ್ತೆ ನೋಡಮ್ಮ, ನಾನು ಈಗಲೇ ಹೇಳಿದೀನಿ."

ಗೋಡೆಗೊರಗಿ ಕೂತಿದ್ದ ಅಮ್ಮ ಬೆಳಗಿನಿಂದ ಮೊದಲ ಬಾರಿ ಬಾಯಿ ಬಿಟ್ಟಳು. "ಬರಲಿ ಬಿಡಿ."

ಬಂದವನು ಮುದುಕನಾಗಿದ್ದ. ಮುಂಗೈ ತುಂಬ ಬೆಸುಗೆಯ ಕಿಡಿ ಹಾರಿ ಸುಟ್ಟ ಚುಕ್ಕೆಗಳು. ಅಪ್ಪನ ಕಾಲ ಬುಡದಲ್ಲಿ ನಿಂತ, ಬಗ್ಗಿದ, ಕೈ ಮುಗಿದ. ಎಲ್ಲರಂತೆ ಮುಖ ನೋಡಲಿಲ್ಲ, ನೋಡಿದ್ದು ಬಲಗೈಯನ್ನು. ಆ ಹೆಬ್ಬೆರಳ ಮೇಲೇ ಅವನ ಕಣ್ಣು ನಿಂತದ್ದನ್ನು ಮಗಳು ಕಂಡಳು. ಅವಳು ಬಟ್ಟೆ ಎಳೆದು ಕೈ ಮುಚ್ಚಿದಳು.

"ಮಗು," ಎಂದ ಅವನು ಮೆಲ್ಲಗೆ, "ಆ ತುಂಡು ಮನೇಲೇ ಇದೆಯಾ?"

"ಯಾವ ತುಂಡು?"

ಅವನು ಹೊರಗೆ ಹೋಗಿ ಕೊನೆಯ ಕುರ್ಚಿಯಲ್ಲಿ ಕೂತ.

*

ಒಂದು ಕಾಲದಲ್ಲಿ ಅವನು ಈ ಮನೆಯವನೇ ಆಗಿದ್ದ. ಅಪ್ಪನಿಗೆ ಜೀವದ ಗೆಳೆಯ, ಇವಳಿಗೆ ಮಾಮ. ಅವನು ಮಿಲ್ಲಿಂಗ್ ಯಂತ್ರದಲ್ಲಿ ತುಂಡು ಕೊರೆಯುವುದು, ಅಪ್ಪ ಅದನ್ನು ಅಳೆಯುವುದು. "ನಿಮ್ಮಪ್ಪ ನನ್ನ ಮದುವೆಗೂ ಅಳತೆಪಟ್ಟಿ ತಂದಿದ್ದ ಕಣೇ," ಎಂದು ಇವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದ. "ಹುಡುಗಿ ನೇರವಾಗಿ ನಿಂತಿದಾಳಾ ಅಂತ ನೋಡೋಕೆ." ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅಪ್ಪನನ್ನು ಹಾಗೆ ನಗಿಸಬಲ್ಲವನು ಅವನೊಬ್ಬನೇ.

ಅಳತೆ ಕೋಣೆಗೆ ಕಂಪ್ಯೂಟರ್ ಬಂದ ವರ್ಷ ಎಲ್ಲ ಕೆಟ್ಟಿತು. ಅಲ್ಲಿಯವರೆಗೆ ಅಪ್ಪ ಕೈಯಿಂದ ಅಳೆಯುತ್ತಿದ್ದ. ಈಗ ಹೊಸ ಯಂತ್ರದ ಸಣ್ಣ ಮೊನೆ ತುಂಡನ್ನು ಅಲ್ಲಲ್ಲಿ ಮುಟ್ಟುತ್ತದೆ, ಪರದೆಯ ಮೇಲೆ ಹಸಿರೋ ಕೆಂಪೋ ಬರುತ್ತದೆ, ಅಷ್ಟೇ. ಮಾಮ ಕೊರೆದ ಒಂದು ಇಡೀ ಲಾಟು ಕೆಂಪು ಬಂತು. ಗಿರಾಕಿ ಕೈಬಿಟ್ಟು ಹೋದ, ಲಾಟು ಗುಜರಿಗೆ ಹೋಯಿತು, ಕೆಲಸ ಕಳೆದುಕೊಂಡು ಮಾಮ ಮನೆಗೆ ಹೋದ.

ಅವತ್ತು ಸಂಜೆ ಅವನು ಗೇಟಿನ ಆಚೆ ನಿಂತು ಕೂಗಿದ್ದು ಇವಳಿಗೆ ಇನ್ನೂ ನೆನಪಿದೆ. "ನೀನು ಅಳೆದಿದ್ದೇ ತಪ್ಪು ಕಣೋ. ಬುಡ ಬಿಟ್ಟು ತೂತು ಹಿಡ್ಕೊಂಡಿದೀಯ. ಇನ್ನೊಂದ್ಸಲ ಅಳಿ."

"ಯಂತ್ರ ಸುಳ್ಳು ಹೇಳಲ್ಲ," ಎಂದು ಅಪ್ಪ ಬಾಗಿಲು ಹಾಕಿದ.

ಆಮೇಲೆ ಆ ಮನೆಯಲ್ಲಿ ಅವನ ಸುದ್ದಿ ಎತ್ತುವವರಿರಲಿಲ್ಲ. ಎತ್ತಿದರೆ ಅತ್ತೆ ಮಾತ್ರ. ಅವನು ಕುಡಿಯುತ್ತಿದ್ದನಂತೆ, ಕೈ ನಡುಗುತ್ತಿತ್ತಂತೆ, ಒಂದಲ್ಲ ಒಂದು ದಿನ ಹಗೆ ತೀರಿಸಿಕೊಳ್ಳುತ್ತಾನಂತೆ. ಮಗಳು ಅದನ್ನೇ ಕೇಳಿಕೊಂಡು ದೊಡ್ಡವಳಾದಳು.

*

ಎಲ್ಲ ಮುಗಿಸಿ ವಾಪಸು ಬಂದಾಗಲೂ ಅವನು ಅದೇ ಕುರ್ಚಿಯಲ್ಲಿದ್ದ. ಯಾರೂ ಅವನಿಗೆ ಕಾಫಿ ಕೊಡಲಿಲ್ಲ. ಅವನೂ ಏಳಲಿಲ್ಲ.

"ಇನ್ನೂ ಯಾಕೆ ಬೇರು ಬಿಟ್ಕೊಂಡು ಕೂತಿದಾನೆ?" ಚಿಕ್ಕಪ್ಪ ಕಿಟಕಿಯಿಂದ ಇಣುಕಿದ. "ಏನೋ ಮಸಲತ್ತಿದೆ."

"ಚಪ್ಪಲಿ ಎಲ್ಲ ಒಳಗಿಡು," ಎಂದಳು ಅತ್ತೆ. ಹಾಗೆನ್ನುತ್ತಲೇ ಅಣ್ಣನ ಹಾಸಿಗೆ ಸುತ್ತಲು ಒಂದು ತುದಿ ಎತ್ತಿದಳು. ಗೋಡೆಯ ಕಡೆಯಿಂದ ಏನೋ ಜಾರಿ ನೆಲಕ್ಕೆ ಬಿತ್ತು. ಇಡೀ ಮನೆಗೆ ಕೇಳುವಂಥ ಸದ್ದು.

ಮಗಳು ಎತ್ತಿಕೊಂಡಳು. ಅಂಗೈಯಗಲದ ಉಕ್ಕಿನ ತುಂಡು. ಚಪ್ಪಟೆ ಬುಡ, ನಡುವೆ ಒಂದು ದುಂಡನೆ ತೂತು, ಎರಡು ಪಕ್ಕಕ್ಕೂ ಎತ್ತರದ ಕಿವಿಗಳು, ಕಿವಿಗಳಲ್ಲಿ ಬೋಲ್ಟಿನ ತೂತುಗಳು. ಅವಳಿಗೆ ಚೆನ್ನಾಗಿ ಪರಿಚಯವಿದ್ದ ತುಂಡೇ. ಕಾರ್ಖಾನೆಯಲ್ಲಿ ಈಗಲೂ ತಯಾರಾಗುತ್ತದೆ, ಅಪ್ಪನ ಜಾಗದಲ್ಲಿ ಕೂತು ಈಗ ಅಳೆಯುವವಳು ಅವಳೇ. ಇದಕ್ಕೆ ಬಳಿದಿದ್ದ ಕೆಂಪು ಅರ್ಧದಷ್ಟು ಹೋಗಿತ್ತು. ತಾನಾಗಿ ಉದುರಿದ್ದಲ್ಲ, ಉಗುರಿನಿಂದ ಕೆರೆದದ್ದು. ಕೆರೆದ ಕಡೆಯೆಲ್ಲ ಲೋಹ ಹೊಳೆಯುತ್ತಿತ್ತು.

"ಇದನ್ನ ಪಕ್ಕದಲ್ಲಿಟ್ಕೊಂಡು ಮಲಗ್ತಿದ್ನಾ?" ಅತ್ತೆ ಬಾಯಿ ಮೇಲೆ ಕೈಯಿಟ್ಟಳು.

ಸದ್ದು ಕೇಳಿ ಮಾಮ ಬಾಗಿಲವರೆಗೆ ಬಂದಿದ್ದ. "ಗುಜರಿಗೆ ಹಾಕುವಾಗ ಎಣಿಸಿದ್ದು ನಾನೇ. ಒಂದು ಕಮ್ಮಿ ಇತ್ತು. ಇವನೇ ಎತ್ತಿಟ್ಟಿದಾನೆ ಅಂತ ಅವತ್ತಿಂದ ಅನುಮಾನ."

"ಈಗ ಏನು ಬೇಕು ನಿಮಗೆ?" ಮಗಳ ದನಿ ಗಡುಸಾಗಿತ್ತು.

"ಒಂದ್ಸಲ ಅಳೆದು ಹೇಳು. ಬುಡದಿಂದ ಹಿಡಿದು. ಕೆಂಪು ಬಂದ್ರೆ ತಪ್ಪಾಯ್ತು ಅಂತ ಹೇಳಿ ಹೋಗ್ತೀನಿ."

"ಇವತ್ತಾ? ಹೆಣ ಕಳಿಸಿ ಇನ್ನೂ ಕಾಲು ತೊಳೆದಿಲ್ಲ, ಇವನದೊಂದು ವರಾತ," ಎಂದಳು ಅತ್ತೆ. ಚಿಕ್ಕಪ್ಪ ತೋಳೇರಿಸಿದ. ಮಗಳಿಗೂ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಕೆಂಪು ಬಳಿದವನೇ ಯಾಕೆ ಕೆಂಪು ಕೆರೆಯುತ್ತಿದ್ದ?

"ಹೋಗಿ ಬಾ," ಎಂದಳು ಅಮ್ಮ ಗೋಡೆಯ ಕಡೆ ನೋಡುತ್ತಾ.

*

ಕೆಲವು ವರ್ಷಗಳ ಹಿಂದೆ, ಅಳತೆ ಕೋಣೆಯಲ್ಲಿ ಅವಳ ಮೊದಲ ದಿನ. ನಿವೃತ್ತಿಗೆ ಬಂದಿದ್ದ ಅಪ್ಪ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ. ಇದೇ ಜಾತಿಯ ತುಂಡು ಮೇಜಿಗೆ ಬಂದಾಗ ಅವಳ ಕೈಯನ್ನು ತಟ್ಟನೆ ಹಿಡಿದ.

"ಇದಕ್ಕೆ ಬುಡ ಮೊದಲು."

"ನಕ್ಷೇಲೇ ಬರೆದಿದೆಯಲ್ಲಪ್ಪ."

"ಬರೆದಿರಲಿ. ಇದು ಬುಡದ ಮೇಲೆ ಕೂರೋ ತುಂಡು. ಮೊದಲು ಬುಡ ಮುಟ್ಟು, ಆಮೇಲೆ ನಡುವಿನ ತೂತು. ತೂತು ಗಿಡ್ಡ ಇದೆ. ಅದನ್ನೇ ಮೊದಲು ನಂಬಿದ್ರೆ ಕೆಳಗೆ ಒಂದು ಕೂದಲೆಳೆ ವಾಲಿದ್ದು ಕಿವಿ ಹತ್ತಿರ ಬರೋ ಹೊತ್ತಿಗೆ ದೊಡ್ಡದಾಗುತ್ತೆ. ಒಳ್ಳೇ ತುಂಡೂ ಕೆಂಪು ಬರುತ್ತೆ." ತುಂಡನ್ನು ಕೈಯಲ್ಲಿ ತಿರುಗಿಸುತ್ತಾ ಮತ್ತೆ ಅಂದ, "ಇನ್ಯಾವುದೋ ತುಂಡಿನ ಪ್ರೋಗ್ರಾಂ ನಕಲು ಮಾಡಿ, ಹೆಸರು ಬದಲಾಯಿಸಿ, ಕೆಲಸ ಮುಗೀತು ಅಂತ ಕೂತ್ಕೋಬೇಡ. ಅದರಲ್ಲಿ ತೂತು ಮೊದಲು ಇರಬಹುದು."

ಅವಳು ನಕ್ಕಿದ್ದಳು. "ಅಷ್ಟೂ ನೋಡದೆ ಯಾರಾದ್ರೂ ಹಾಗೆ ಮಾಡ್ತಾರಾ?"

ಅಪ್ಪ ನೀರು ಕುಡಿದು ಬರುತ್ತೇನೆಂದು ಎದ್ದು ಹೋದ. ಬಹಳ ಹೊತ್ತು ಬರಲಿಲ್ಲ.

*

ಕಾರ್ಖಾನೆಗೆ ಅವತ್ತು ರಜೆ. ಕಾವಲುಗಾರ ಇವಳ ಹಿಂದೆ ಬಂದವನನ್ನು ಮೇಲಿಂದ ಕೆಳಗೆ ನೋಡಿದ. "ಇವರು ಯಾರು ಮೇಡಂ?"

"ಅಪ್ಪನ ಸ್ನೇಹಿತರು," ಎಂದಳು. ಹಾಗೆ ಹೇಳಿದ್ದು ಅವಳಿಗೇ ವಿಚಿತ್ರವೆನಿಸಿತು.

ಅಳತೆ ಕೋಣೆಯ ಗಾಜಿನ ಬಾಗಿಲ ಆಚೆಯೇ ಮಾಮ ನಿಂತುಬಿಟ್ಟ. "ಒಳಗೆ ಇಬ್ಬರಾದ್ರೆ ಕೋಣೆ ಬಿಸಿಯಾಗುತ್ತೆ ಅಂತ ನಿಮ್ಮಪ್ಪ ನನ್ನನ್ನ ಯಾವಾಗ್ಲೂ ಇಲ್ಲೇ ನಿಲ್ಲಿಸ್ತಿದ್ದ. ನೀನು ಹೋಗು."

ತುಂಡು ದಾರಿಯುದ್ದಕ್ಕೂ ಅವಳ ಕೈಯಲ್ಲಿತ್ತು. ಮೈಯ ಬಿಸಿ ಹತ್ತಿದ ಲೋಹವನ್ನು ಹಾಗೇ ಅಳೆಯುವಂತಿಲ್ಲ. ಕಲ್ಲಿನ ಮೇಜಿನ ಮೇಲಿಟ್ಟು ಅದು ಆರುವುದನ್ನು ಕಾದಳು. ಗಾಜಿನ ಆಚೆ ಅವನೂ ಕಾದ. ಅವನು ಅವಳ ಕೈಯನ್ನೇ ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಅಪ್ಪನಿಗಾಗಿ ಅವಳು ಏನಾದರೂ ಕೈಚಳಕ ತೋರಿಸುವಳೇ ಎಂಬುದು ಅವನ ಅನುಮಾನ. ಸತ್ತವನ ಹೆಸರು ಕೆಡಿಸಿ ಕಾರ್ಖಾನೆಯಿಂದ ಏನಾದರೂ ಕಿತ್ತುಕೊಳ್ಳಲು ಬಂದಿದ್ದಾನೆಯೇ ಎಂಬುದು ಇವಳದು.

"ನಿಮ್ಮಪ್ಪ ನನ್ನ ವೆಲ್ಡಿಂಗ್ ಅಂಗಡಿ ಎದುರಿಗೆ ಬಂದು ನಿಲ್ತಿದ್ದ," ಎಂದ ಅವನು ಗಾಜಿನ ಮೂಲಕ, ದನಿಯೆತ್ತಿ. "ಕಿಟಕಿ ಸರಳು ಬೆಸೀತಾ ಕೂತಿರ್ತಿದ್ದೆ. ರಸ್ತೆ ಆಚೆ ನಿಂತು ನೋಡಿ ಹೋಗ್ತಿದ್ದ. ಕೆಲಸ ಕಳೆದಿದ್ದು ಸಾಲ್ದು ಅಂತ ಕಾವಲು ಬೇರೆ ಕಾಯ್ತಾನಲ್ಲ ಅಂತ ಮೈ ಉರೀತಿತ್ತು. ಒಂದ್ಸಲ ಕಲ್ಲು ಎತ್ತಿದ್ದೆ."

ಅಷ್ಟರಲ್ಲಿ ತುಂಡು ಆರಿತ್ತು. ತುಂಡನ್ನು ಬಿಗಿದು, ಮೊದಲು ತೂತು, ಆಮೇಲೆ ಬುಡ ಎಂದು ಯಂತ್ರಕ್ಕೆ ಕೊಟ್ಟಳು. ಅಪ್ಪನ ತಪ್ಪು ಎಂದು ಇವನು ಹೇಳುವ ಕ್ರಮ. ಮೊನೆ ಟಿಕ್ ಟಿಕ್ ಎಂದು ಮುಟ್ಟುತ್ತಾ ಹೋಯಿತು. ಪರದೆ ಬಾಗಿಲಿಗೆ ಬೆನ್ನು ಮಾಡಿತ್ತು. ಕಿವಿಗಳ ತೂತುಗಳೆಲ್ಲ ಒಂದೊಂದಾಗಿ ಕೆಂಪಾದವು.

"ಏನು ಬಂತು?"

ಕೆಂಪು ಎಂದರೆ ಸಾಕಾಗಿತ್ತು. ಸುಳ್ಳೂ ಆಗುತ್ತಿರಲಿಲ್ಲ, ಪರದೆಯ ಮೇಲೆ ಇದ್ದದ್ದೇ ಕೆಂಪು. ಮುದುಕ ಮಾತಿಗೆ ತಪ್ಪದೆ ತಪ್ಪಾಯಿತೆಂದು ಹೇಳಿ ಹೋಗುತ್ತಿದ್ದ. ಅಪ್ಪ ಅಪ್ಪನಾಗಿಯೇ ಉಳಿಯುತ್ತಿದ್ದ. ಅವಳ ನಾಲಿಗೆಯ ತುದಿಗೆ ಬಂದ ಮಾತದು. ಆದರೆ ಎಲ್ಲಿಂದ ಅಳೆದೆ, ಅದನ್ನ ಮೊದಲು ಹೇಳು ಎಂಬ ದನಿ ಅವಳನ್ನು ಚಿಕ್ಕಂದಿನಿಂದ ಬಿಟ್ಟಿದ್ದೇ ಇಲ್ಲ. ಆ ದನಿಯ ಮೇಲೆ ಅವಳಿಗೆ ಆ ಕ್ಷಣ ಕೆಟ್ಟ ಕೋಪ ಬಂತು.

"ಇನ್ನೂ ಮುಗಿದಿಲ್ಲ," ಎಂದಳು.

ಬುಡ ಮೊದಲು ಕೊಟ್ಟು ಮತ್ತೆ ಶುರು ಮಾಡಿದಳು. ಈ ಸಲ ಅವಳು ಪರದೆ ನೋಡಲಿಲ್ಲ. ಕಲ್ಲಿನ ಮೇಜು ನೋಡುತ್ತಾ ನಿಂತಳು. ಟಿಕ್ ಟಿಕ್ ನಿಂತ ಮೇಲೆ ತಲೆಯೆತ್ತಿದಳು. ಕಿವಿಗಳ ತೂತುಗಳು ಒಂದೂ ಬಿಡದೆ ಹಸಿರು. ಅಂಚಿನಲ್ಲಿ ದಾಟಿದ ಹಸಿರೂ ಅಲ್ಲ. ಇಷ್ಟು ಚೊಕ್ಕ ಕೆಲಸ ಇತ್ತೀಚೆಗೆ ಅವಳ ಮೇಜಿಗೆ ಬಂದೇ ಇರಲಿಲ್ಲ.

ಅವಳು ಪರದೆಯನ್ನು ಎರಡೂ ಕೈಯಿಂದ ಹಿಡಿದು ಬಾಗಿಲ ಕಡೆಗೆ ತಿರುಗಿಸಿದಳು.

ಮಾಮ ಕುಣಿಯಲಿಲ್ಲ, ಬೈಯಲಿಲ್ಲ. ಹಣೆಯನ್ನು ಗಾಜಿಗೆ ಆನಿಸಿಕೊಂಡು ನಿಂತ. ಅವಳು ಹೊರಗೆ ಬಂದ ಮೇಲೆ ಕೇಳಿದ್ದು ಒಂದೇ ಮಾತು. "ಅವನಿಗೆ ಗೊತ್ತಿತ್ತಾ?"

"ಗೊತ್ತಿತ್ತು ಮಾಮ. ನಾನು ಕೆಲಸಕ್ಕೆ ಸೇರೋ ಮೊದಲೇ ಗೊತ್ತಿತ್ತು. ಹೇಳೋಕೆ ಬಾಯಿ ಬಂದಿಲ್ಲ." ತುಂಡಿನ ಮೇಲೆ ಕೆರೆದ ಜಾಗ ತೋರಿಸಿದಳು. "ಬೆಳಿಗ್ಗೆ ಉಗುರು ನೋಡಿದಿರಲ್ಲ."

"ನೋಡಿದೆ. ಆ ಬಣ್ಣ ನನಗೆ ಮರೆಯುತ್ತಾ? ರಸ್ತೆ ದಾಟಿ ಬಂದಿದ್ರೆ ಆಗ್ತಿತ್ತಲ್ಲೇ. ಕಲ್ಲು ಹೊಡೀತಿದ್ದೆ ಏನೋ, ಹೊಡೆದು ಆಮೇಲೆ ಕೂರಿಸ್ತಿದ್ದೆ." ಮುಂಗೈಯಿಂದ ಕಣ್ಣೊರೆಸಿಕೊಂಡ. ಅವಳು ತುಂಡನ್ನು ಅವನ ಕೈಗೆ ಕೊಡಹೋದಳು. ಅವನು ಕೈ ಹಿಂದೆಳೆದುಕೊಂಡ.

"ಕೆಂಪು ಇರೋ ತುಂಡು ನನಗೆ ಬೇಡ. ನಾನು ಕೆಂಪು ತುಂಡು ಮಾಡಿದವನಲ್ಲ. ಪೂರ್ತಿ ತೆಗೆದು ಕೊಡು, ತಗೊಂಡು ಹೋಗ್ತೀನಿ."

*

ಮನೆಗೆ ಬಂದಾಗ ಚಿಕ್ಕಪ್ಪ ಗೇಟಿನಲ್ಲೇ ಹಿಡಿದ. "ಏನಂದ? ಏನಾದ್ರೂ ಬರೆಸ್ಕೊಂಡ್ನಾ? ಸಹಿ ಗಿಹಿ ಹಾಕಿಲ್ಲ ತಾನೇ?"

"ಇಲ್ಲ ಚಿಕ್ಕಪ್ಪ."

"ಹಂಗಾದ್ರೆ ಮತ್ತೆ ಯಾಕೆ ಬಂದಿದ್ನಂತೆ?" ಅತ್ತೆಗೆ ಸಮಾಧಾನವಿಲ್ಲ.

ಮಗಳು ಒಳಗೆ ಹೋಗಿ ಅಮ್ಮನ ಪಕ್ಕದಲ್ಲಿ ಗೋಡೆಗೊರಗಿ ಕೂತಳು. ಎದುರಿಗೆ ಹಾಸಿಗೆಯಿಲ್ಲದ ಮಂಚ. ತುಂಡನ್ನು ಮಡಿಲಲ್ಲಿಟ್ಟುಕೊಂಡು, ಅಪ್ಪ ಎಲ್ಲಿಗೆ ಬಿಟ್ಟಿದ್ದನೋ ಅಲ್ಲಿಂದ ಹೆಬ್ಬೆರಳಿನಿಂದ ಕೆರೆಯತೊಡಗಿದಳು. ಹಳೆಯ ಬಣ್ಣ, ಬೇಗ ಬರುವಂಥದ್ದಲ್ಲ.

ಅಮ್ಮನಿಗೆ ಅಳತೆಯ ಗಂಧಗಾಳಿ ಇಲ್ಲ ಎಂದೇ ಅವಳು ಇಷ್ಟು ಕಾಲ ನಂಬಿದ್ದಳು.

"ಹಸಿರು ಬಂತಾ?" ಎಂದು ಕೇಳಿದಳು ಅಮ್ಮ.

ಮಗಳ ಕೈ ನಿಂತಿತು. ಅಮ್ಮನ ಮುಖ ನೋಡಿದಳು. ಅಮ್ಮ ಗೋಡೆ ಬಿಟ್ಟು ಇತ್ತ ತಿರುಗಿ, ತುಂಡಿನ ಇನ್ನೊಂದು ಕಿವಿಯನ್ನು ತನ್ನ ಕಡೆಗೆ ಎಳೆದುಕೊಂಡು, ಬಾಗಿ, ಉಗುರು ಹಚ್ಚಿದಳು. ಇಬ್ಬರ ಮಡಿಲಿಗೂ ಕೆಂಪು ಪುಡಿ ಉದುರುತ್ತಿತ್ತು.