ಅಟ್ಟದ ಕೆಳಗಿನ ಗಿಟಾರು

ಕೆಂಚಪ್ಪ ನಾರಿನ ಹಗ್ಗದ ಒಂದು ತುದಿಯನ್ನು ಗಿಟಾರಿನ ತಲೆಗೆ ಒತ್ತಿ ಹಿಡಿದು, ಅದರ ಬುಡದವರೆಗೂ ಎಳೆದು ಅಲ್ಲಿಗೊಂದು ಗಂಟು ಹಾಕಿದ. ಆಮೇಲೆ ಹೊಟ್ಟೆಯ ಅಗಲ ಅಳೆದು ಇನ್ನೊಂದು ಗಂಟು ಹಾಕಿದ. ತೋಟದಲ್ಲಿ ಗುಂಡಿ ತೆಗೆಯುತ್ತಿದ್ದವರಲ್ಲಿ ಒಬ್ಬ ಮಣ್ಣುಗಾಲಿನಲ್ಲೇ ಬಂದು ಬಾಗಿಲಾಚೆ ನಿಂತಿದ್ದ.

"ತಗಳ್ಲಾ. ಒಂದು ಗೇಣು ಅಗಲ ಜಾಸ್ತಿ ತೆಗೀರಿ. ಅವನ ಪಕ್ಕದಲ್ಲಿ ಇದೂ ಮಲಗ್ಬೇಕು."

"ಗಿಟಾರ್ನೂ ಮಣ್ಣು ಮಾಡೋದಾ ಕೆಂಚಪ್ಪಣ್ಣ?"

"ನಮ್ಮಪ್ಪಂಗೆ ಎಲೆಅಡಿಕೆ ಚೀಲ ಇಡ್ಲಿಲ್ವಾ? ಹಂಗೇ ಇದು. ಅವನು ಬುಟ್ರೆ ಇದನ್ನ ಮುಟ್ಟೋರ್ಯಾರು? ಮೂಲೇಲಿ ಬಿದ್ದು ಗೆದ್ಲು ತಿನ್ನೋದು ಬ್ಯಾಡ."

ಅಡುಗೆಮನೆಯ ಬಾಗಿಲಲ್ಲಿ ನೀರಿನ ಕೊಡ ಹಿಡಿದು ನಿಂತಿದ್ದ ಆಶಾ ಇದನ್ನೆಲ್ಲ ಕೇಳಿದಳು. ದೊಡ್ಡಪ್ಪ ಕೆಂಚಪ್ಪ ಹಗ್ಗ ಕೊಟ್ಟು ಕಳಿಸಿದ್ದನ್ನು ನೋಡಿದಳು. ಬೇಡ ಅನ್ನಲು ಒಂದು ಹೆಜ್ಜೆ ಮುಂದಿಟ್ಟು, ಹಿಂದೆ ಸರಿದಳು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ ಹುಡುಗಿ. ನಾಲ್ಕು ಜನ ಕೂತ ಕಡೆ ಅವಳ ಬಾಯಿಂದ ಮಾತು ಹೊರಟದ್ದನ್ನು ಹೊನ್ನವಳ್ಳಿಯಲ್ಲಿ ಕಂಡವರು ಕಡಿಮೆ. ಕೊಡ ಇಳಿಸಿ, ಮತ್ತೆ ಎತ್ತಿ, ಬಚ್ಚಲಿಗೆ ಹೋದಳು.

ಪಡಸಾಲೆಯಲ್ಲಿ ಆಶಾಳ ಅಪ್ಪ ಗಂಗಾಧರನ ಹೆಣಕ್ಕೆ ಆಗಷ್ಟೇ ಸ್ನಾನ ಮಾಡಿಸಿ, ಬಿಳಿ ಪಂಚೆ ಉಡಿಸಿ, ವಿಭೂತಿ ಇಟ್ಟು ಮಲಗಿಸಿದ್ದರು. ತಲೆಯ ಹತ್ತಿರ ಅವನ ಹೆಂಡತಿ ರಾಮಲಕ್ಷ್ಮಮ್ಮ ಕೂತಿದ್ದಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ, ಮಾತೂ ಆಡಿರಲಿಲ್ಲ. ಗೋಡೆಗೊರಗಿ ಕೂತಿದ್ದ ರಾಜಣ್ಣ ಶನಿವಾರದ ಭಜನೆಯಲ್ಲಿ ಹಾರ್ಮೋನಿಯಂ ನುಡಿಸುವವನು. ಅವನೇ ಮಾತು ತೆಗೆದ.

"ನೀರು ಹಾಕುವಾಗ ಎಡಗೈ ಬೆರಳು ಬಿಡ್ಸಕ್ಕೇ ಆಗ್ಲಿಲ್ಲ ಕಣಪ್ಪ. ಹಿಂಗೆ ಮಡಚ್ಕೊಂಡವ್ನೆ."

"ಗಿಟಾರ್ ಹಿಡ್ದಂಗೇ ಹೋಗವ್ನೆ. ನಾನು ನೋಡ್ದೆ. ಅದಕ್ಕೇ ಜೊತೇಲಿ ಕಳಿಸ್ತಿರೋದು," ಅಂದ ಕೆಂಚಪ್ಪ.

"ಹೋದ ವರ್ಷದಿಂದ ಏನ್ ಕೈ ಪಳಗಿತ್ತು ಅಂತೀರಾ. ಮೊದ್ಲೆಲ್ಲ ನಮ್ ಜೊತೆ ಬಾರಿಸ್ವಾಗ ತಾಳ ಒಂದು ಕಡೆ, ಇವನು ಒಂದು ಕಡೆ. ಬಿಟ್ರೆ ಸಂಪಿಗೆ ಊರಿನವರೆಗೂ ಹೋಗಿ ಬರೋನು. ಕಾಲು ಎಳೀತದೆ ಅಂತ ಭಜನೆಗೆ ಬರಾದು ಬುಟ್ಟ ಮ್ಯಾಲೆ ನೋಡು, ಮನೇಲೇ ಕೂತು ಸಾಧನೆ ಮಾಡವ್ನೆ. ಸಂಜೆ ಹಾಲು ಹಾಕಿ ಬರ್ತಾ ನಾನು ಬೇಲಿ ಪಕ್ಕ ನಿಂತು ಕೇಳ್ತಿದ್ದೆ."

"ನಾನೂ ಕೇಳಿವ್ನಿ," ಅಂದರು ಇನ್ನಿಬ್ಬರು.

ಬಚ್ಚಲಿನಲ್ಲಿ ತಂಬಿಗೆ ಬೆಳಗುತ್ತಿದ್ದ ಆಶಾಳ ಕೈ ನಿಂತಿತು.

*

ಗಂಗಾಧರನಿಗೆ ಈ ಹುಚ್ಚು ಹತ್ತಿದ್ದು ತಿಪಟೂರಿನಲ್ಲಿ ಒಂದು ಆರ್ಕೆಸ್ಟ್ರಾ ಕೇಳಲು ಹೋದಾಗ. ಜನ ಜಾಸ್ತಿಯಾಗಿ ದೊಡ್ಡ ಸ್ಪೀಕರಿನ ಪಕ್ಕ ನಿಲ್ಲಬೇಕಾಯಿತು. ಮನೆಗೆ ಬಂದವನು ಯಾರು ಹಾಡಿದರು, ಏನು ಹಾಡಿದರು ಅನ್ನಲಿಲ್ಲ. ಎದೆಯನ್ನು ಒಳಗಿನಿಂದ ಅಲ್ಲಾಡಿಸಿದ್ದು ಯಾವ ವಾದ್ಯ ಅಂತ ವಾರವೆಲ್ಲ ವಿಚಾರಿಸಿದ. ಬೋರ್‌ವೆಲ್ ಮೋಟಾರಿಗೆ ವೈಂಡಿಂಗ್ ಮಾಡುವ ಅಜ್ಮತ್, ಅದು ಬೇಸ್ ಗಿಟಾರು, ನಾಲ್ಕೇ ತಂತಿ, ಹಾಡಿಗೆ ಅಡಿಪಾಯ ಇದ್ದಂಗೆ ಅಂದ. ಆ ಸಲ ಕೊಬ್ಬರಿ ಮಾರಿದ ಮಾರನೆಯ ದಿನ ಇಬ್ಬರೂ ಬೆಂಗಳೂರಿಗೆ ರೈಲು ಹತ್ತಿದರು. ಹಠ ಮಾಡಿದ್ದಕ್ಕೆ ಆಶಾಳನ್ನೂ ಕರೆದುಕೊಂಡು ಹೋದರು.

ಅಂಗಡಿಯವನು ಮೊದಲು ಕೊಟ್ಟಿದ್ದು ಕನ್ನಡಿಯ ಹಾಗೆ ಹೊಳೆಯುವ ಐದು ತಂತಿಯದು.

"ಐದನೇದು ಯಾಕಪ್ಪ? ನಾಲ್ಕಕ್ಕೇ ನಂಗೆ ಲೆಕ್ಕ ತಪ್ತದೆ," ಅಂದ ಗಂಗಾಧರ.

ಆಮೇಲೆ ಚಪ್ಪಲಿ ಬಿಟ್ಟು, ಸ್ಪೀಕರಿನ ಮುಂದೆ ಬರಿಗಾಲಲ್ಲಿ ನಿಂತು ಕಣ್ಣು ಮುಚ್ಚಿದ. ಒಂದೊಂದೇ ಗಿಟಾರು ತಗಲಿಸಿ ಅದರ ದಪ್ಪ ತಂತಿಯನ್ನು ಮೀಟುವ ಕೆಲಸ ಅಜ್ಮತನದು. "ಇದು ಕಿವಿಗೆ ಬತ್ತದೆ, ಕಾಲಿಗೆ ಬರಲ್ಲ." "ಇದು ಮಂಡಿವರೆಗೆ ಬಂದು ನಿಂತೋಗ್ತದೆ." ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ. ಆಶಾ ನಾಚಿಕೆಯಿಂದ ಅಪ್ಪನ ಚಪ್ಪಲಿ ಹಿಡಿದುಕೊಂಡು ಮೂಲೆಯಲ್ಲಿ ನಿಂತಳು. ಅವಳ ತಲೆಯ ಮೇಲೆ, ಅದೇ ಮೂಲೆಯಲ್ಲಿ, ಯಾರೋ ಬಾರಿಸಿ ಬಿಟ್ಟ ಕಂದು ಬಣ್ಣದ ಹಳೆಯದೊಂದು ತೂಗುತ್ತಿತ್ತು. ಅದನ್ನು ಮೀಟಿದಾಗ ಗಂಗಾಧರ ಕಣ್ಣು ಬಿಟ್ಟ.

"ಇದು."

"ಅಣ್ಣಾ, ಸೆಕೆಂಡ್ ಹ್ಯಾಂಡು. ಬಣ್ಣ ಎಲ್ಲ ಹೋಗಿದೆ," ಅಂದ ಅಂಗಡಿಯವನು.

"ಬಣ್ಣ ನೋಡಿ ಕಾಯಿ ತಗೊಂತಾರೇನ್ಲಾ? ಅಲ್ಲಾಡ್ಸಿ ತಗೊಂತಾರೆ."

ಸ್ಪೀಕರ್ ಡಬ್ಬವನ್ನು ಅಜ್ಮತನೇ ಮಾಡಿಕೊಟ್ಟ. ಶಾಮಿಯಾನದವರು ಮಾರಿದ ದೊಡ್ಡ ಸ್ಪೀಕರಿಗೆ ದಪ್ಪ ಹಲಗೆಯ ಪೆಟ್ಟಿಗೆ ಹೊಡೆದು, ಗೋಣಿಚೀಲದ ಮುಸುಕು ಹಾಕಿದ. ಗಿಟಾರಿನೊಳಗೆ ಸದ್ದು ಹಿಡಿಯುವ ಸುರುಳಿ ಒಮ್ಮೆ ಕಡಿದುಹೋದಾಗ, ಕೂದಲಿನಷ್ಟು ಸಣ್ಣ ತಾಮ್ರದ ತಂತಿ ತಂದು, ಮೋಟಾರಿಗೆ ಸುತ್ತುವಂತೆ ಕೂತು ಸುತ್ತಿದ. ಬೆರಳು ಜಾರಿದರೆ ಕಿರ್ ಅನ್ನದ ನುಣುಪು ತಂತಿಗಳನ್ನು ಪಾರ್ಸೆಲ್‌ನಲ್ಲಿ ತರಿಸಿದರು. ಅವು ತುಕ್ಕು ಹಿಡಿಯದಿರಲಿ ಅಂತ ಗಂಗಾಧರ ಬಂದ ದಿನವೇ ನಾಲ್ಕಕ್ಕೂ ಕೊಬ್ಬರಿ ಎಣ್ಣೆ ಹಚ್ಚಿಬಿಟ್ಟ. ಎಣ್ಣೆ ಕುಡಿದ ತಂತಿಗಳ ನಾದ ಮಂಕಾಗಿ, ಕಂಬಳಿ ಹೊದ್ದು ಮಾತಾಡಿದ ಹಾಗಾಯಿತು. ಅಜ್ಮತ್ ತಲೆ ತಲೆ ಚಚ್ಚಿಕೊಂಡ. ಗಂಗಾಧರ ಇನ್ನೊಮ್ಮೆ ಮೀಟಿ, "ಈಗ ನೋಡು, ಸರಿಯಾಯ್ತು," ಅಂದ. ಅಲ್ಲಿಂದ ಮುಂದೆ ಯಾವ ತಂತಿ ಬಂದರೂ ಮೊದಲು ಎಣ್ಣೆ.

ಗಿಟಾರು ಇದ್ದದ್ದು ಅಟ್ಟದ ಕೆಳಗಿನ ಕೋಣೆಯಲ್ಲಿ. ಮೇಲೆ ಹಲಗೆಯ ಅಟ್ಟದ ತುಂಬ ವರ್ಷದ ಕಾಯಿ, ಕೊಬ್ಬರಿಯಾಗಲೆಂದು ಹಾಕಿದ್ದು. ಒಳಗಿನ ನೀರು ಬತ್ತಿ, ಕೊಬ್ಬರಿ ಕರಟ ಬಿಟ್ಟು ಉಂಡೆಯಾದಾಗ ಕಾಯಿ ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆ. ಒಂದು ಸಂಜೆ ಗಂಗಾಧರ ದಪ್ಪ ತಂತಿ ಮೀಟಿದಾಗ ಯಾರೂ ಮುಟ್ಟದೆ ಅಟ್ಟ ಲೊಡಲೊಡ ಅಂದಿತು. ರಾಮಲಕ್ಷ್ಮಮ್ಮ ಅಡುಗೆಮನೆಯಿಂದ ಓಡಿ ಬಂದಳು.

"ಕೊಬ್ರಿ ಒಡ್ದು ಚೂರಾಗ್ತದೆ, ನಿಲ್ಸಿ ಅದನ್ನ."

"ಅಯ್ಯೋ, ಆಗಿರೋ ಕಾಯಿ ಮಾತಾಡ್ತಾ ಅವೆ ಕಣೇ. ಹಸೀವು ಸುಮ್ನವೆ, ಕೇಳು."

ಅವಳು ಕೇಳಿದಳು. ಆಮೇಲಿನ ವರ್ಷಗಳಲ್ಲಿ ಕಾಯಿ ಯಾವಾಗ ಇಳಿಸಬೇಕೆಂದು ತಿಳಿಯಲು ಅವಳೇ ಬಂದು, "ಒಂದ್ಸಲ ಬಾರ್ಸಿ, ನೋಡಾನ," ಅನ್ನುತ್ತಿದ್ದಳು.

*

ಮಧ್ಯಾಹ್ನದ ಹೊತ್ತಿಗೆ ತಿಪಟೂರಿನಿಂದ ಅಜ್ಮತ್ ಬಂದ. ಹೆಣದ ಕಾಲ ಬಳಿ ಬಹಳ ಹೊತ್ತು ನಿಂತ. ಕೆಂಚಪ್ಪ ಅವನ ಹೆಗಲ ಮೇಲೆ ಕೈಯಿಟ್ಟು, "ಅದನ್ನ ನೀಟಾಗಿ ಚೀಲಕ್ಕೆ ಹಾಕಿ ಕೊಡಪ್ಪ. ನಿಂಗೇ ಗೊತ್ತು ಅದರ ಸೂಕ್ಷ್ಮ," ಅಂದ.

ಕೋಣೆಯಲ್ಲಿ ಅಜ್ಮತ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಒರೆಸಿದ. ಹೆಗಲಿಗೆ ಹಾಕುವ ಬೆಲ್ಟಿಗೆ ಬಂದಾಗ ಅವನ ಕೈ ತಡೆಯಿತು. ಬೆಲ್ಟಿಗೆ ದಬ್ಬಳದಿಂದ ಹೊಸದೊಂದು ತೂತು ಹೊಡೆದು, ಬಹಳ ಗಿಡ್ಡ ಮಾಡಿದ್ದರು. ಗಂಗಾಧರನ ಎದೆಗೆ ಅದು ಸುತ್ತಿಯೂ ಬರುತ್ತಿರಲಿಲ್ಲ. ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಆಶಾಳನ್ನು ಅವನು ನೋಡಿದ. ಅವಳ ಎಡಗೈ ಬೆರಳ ತುದಿಗಳನ್ನು ನೋಡಿದ. ಅವಳು ಲೋಟವನ್ನು ಸೆರಗಿನಿಂದ ಹಿಡಿದುಕೊಂಡಳು.

"ಆಶಮ್ಮ, ದೊಡ್ಡಪ್ಪಂಗೆ ಏನಾದ್ರೂ ಹೇಳೋದಿದೆಯಾ?"

ಅವಳು ಇಲ್ಲ ಅಂತ ತಲೆಯಾಡಿಸಿದಳು.

"ನಾನು ಹೇಳ್ಲಾ?"

"ಬ್ಯಾಡ ಮಾಮ. ಅಪ್ಪಂಗೆ ಮಾತು ಕೊಟ್ಟಿವ್ನಿ."

ಅಜ್ಮತ್ ಮತ್ತೆ ಗಿಟಾರು ಒರೆಸತೊಡಗಿದ. "ಸರಿ. ನಾನು ನಿಧಾನಕ್ಕೆ ಪ್ಯಾಕ್ ಮಾಡ್ತೀನಿ. ನನ್ ಕೈಲಿ ಆಗೋದು ಅಷ್ಟೇ."

*

ಹಿಂದಿನ ವರ್ಷ ಶ್ರಾವಣದಲ್ಲಿ ಗಂಗಾಧರನಿಗೆ ಸಣ್ಣದಾಗಿ ಲಕ್ವ ಹೊಡೆದಿತ್ತು. ಕಾಲು ಬೇಗ ಸುಧಾರಿಸಿತು. ಎಡಗೈ ಬೆರಳುಗಳು ಮಡಚಿಕೊಂಡವು, ಬಿಚ್ಚಲಿಲ್ಲ. ಹೊರಗೆ ಕೂತಾಗ ಆ ಕೈ ಯಾವಾಗಲೂ ಟವೆಲಿನೊಳಗೆ ಇರುತ್ತಿತ್ತು. ಕಾಲು ಸರಿಹೋದ ಮೇಲೂ ಕಾಲಿನ ಸುದ್ದಿಯನ್ನೇ ಊರಿಗೆಲ್ಲ ಹೇಳಿದ. ಕೈಯ ಸುದ್ದಿ ಮನೆಯ ಹೊಸಿಲು ದಾಟಲಿಲ್ಲ, ಬೇರೆ ಮನೆಯಲ್ಲಿದ್ದ ಕೆಂಚಪ್ಪನಿಗೂ ಗೊತ್ತಾಗಲಿಲ್ಲ.

ಒಂದು ಸಂಜೆ ಗಿಟಾರನ್ನು ನೋಡುತ್ತ ಕೂತವನು ಮಗಳನ್ನು ಕರೆದ. "ಇಲ್ಲಿ ಬೆರಳಿಡವ್ವ. ಗಟ್ಟಿಯಾಗಿ ಒತ್ತು. ಹೂಂ, ಈಗ ಮೀಟು." ಆಶಾಳಿಗೆ ಅದು ಹೊಸದಲ್ಲ. ಎಷ್ಟೋ ವರ್ಷ ಅದೇ ಕೋಣೆಯಲ್ಲಿ ಕಾಯಿ ಆರಿಸುತ್ತ ಅಪ್ಪನ ಬೆರಳನ್ನು ನೋಡಿದ್ದಳು. ಅವನು ಎಲ್ಲಿ ತಪ್ಪುತ್ತಾನೆಂದೂ ಗೊತ್ತಿತ್ತು. ಬೆರಳಿನ ತುದಿ ಉರಿದು, ಸುಲಿದು, ಗಟ್ಟಿಯಾಯಿತು. ಅಪ್ಪ ಕುರ್ಚಿಯಲ್ಲಿ ಕೂತು ಬರಿಗಾಲನ್ನು ನೆಲಕ್ಕೆ ಊರಿ ಕೇಳುತ್ತಿದ್ದ. ಹೊರಗೆ ದಾರಿಯಲ್ಲಿ ಯಾರಾದರೂ, "ಗಂಗಾಧರಣ್ಣ, ಚೆಂದಾಗಿ ಬಾರಿಸ್ತೀಯ ಕಣೋ," ಅಂದರೆ, ಒಳಗಿನಿಂದಲೇ, "ಹೂಂ ಕಣಪ್ಪ, ಏನೋ ಹಿಂಗೆ," ಅನ್ನುತ್ತಿದ್ದ. ಆಶಾ ತುಟಿ ಕಚ್ಚಿ ನಗು ನುಂಗುತ್ತಿದ್ದಳು.

"ಯಾರಿಗೂ ಹೇಳ್ಬ್ಯಾಡ ಕಣವ್ವ. ಬೇಸ್ ಬಾರ್ಸೋನು ಅಂತ ಊರಲ್ಲಿ ಒಂದು ಹೆಸರೈತೆ. ಅದೊಂದು ಇರ್ಲಿ."

"ಇಲ್ಲ ಬುಡಪ್ಪ," ಅಂದಿದ್ದಳು ಅವಳು.

*

"ಆಯ್ತೇನಪ್ಪ?" ಕೆಂಚಪ್ಪ ಹೊರಗಿನಿಂದ ಕೂಗಿದ.

"ಜಿಪ್ಪು ಕಚ್ಕೊಂಡಿದೆ ಅಣ್ಣಾ. ಎಣ್ಣೆ ಬಿಡ್ಬೇಕು," ಅಂದ ಅಜ್ಮತ್. ಜಿಪ್ಪು ಸರಿಯಾಗಿಯೇ ಇತ್ತು.

ಪಡಸಾಲೆಯಲ್ಲಿ ಭಜನೆಯವರು ಒಂದು ಪದ ಎತ್ತಿಕೊಂಡರು. ಚಟ್ಟ ಸಿದ್ಧವಾಗಿತ್ತು, ಈ ಪದ ಮುಗಿದರೆ ಎತ್ತುವುದೇ. ಹಾರ್ಮೋನಿಯಂ, ಎರಡು ಜೊತೆ ತಾಳ, ಒಂದು ಢೋಲಕ್ಕು. ಒಂದು ನುಡಿ ಹಾಡಿ ರಾಜಣ್ಣ ಕೈ ಬಿಟ್ಟ.

"ತೂಕ ಇಲ್ಲ ಕಣ್ರಪ್ಪ. ಹೊಟ್ಟು ತೂರ್ದಂಗೆ ಹಾರೋಗ್ತಾ ಐತೆ."

"ಅವನಿದ್ದಾಗ ಅವನ್ದು ಕೇಳ್ಸೇ ಇಲ್ಲ ಅಂತಿದ್ರಿ," ಅಂದ ಕೆಂಚಪ್ಪ.

"ಈಗ ಕೇಳ್ತಾ ಐತೆ, ಇಲ್ಲದ್ದು. ಮುಂದಿನ ನುಡಿ ಎತ್ಕೊಳ್ರಿ, ಹೊತ್ತಾಗ್ತದೆ."

ಆಶಾ ಕಾಫಿ ಲೋಟವನ್ನು ಕಿಟಕಿಯಲ್ಲಿಟ್ಟಳು. ಅಜ್ಮತನ ಮುಂದೆ ಬಂದು ಕೈ ಚಾಚಿದಳು. ಅವನು ಏನೂ ಕೇಳದೆ ಗಿಟಾರು ಕೊಟ್ಟು, ಎದ್ದು ಸ್ಪೀಕರ್ ಡಬ್ಬಕ್ಕೆ ವೈರು ತಗಲಿಸಿ ಸ್ವಿಚ್ಚು ಹಾಕಿ, ಬಾಗಿಲನ್ನು ಮುಕ್ಕಾಲು ಮುಚ್ಚಿದ. ಗಿಡ್ಡ ಬೆಲ್ಟು ಅವಳ ಹೆಗಲಿಗೆ ಸರಿಯಾಗಿ ಕೂತಿತು.

ಎರಡನೇ ನುಡಿಗೆ ಅವಳು ಸೇರಿಕೊಂಡಳು. ಬಹಳ ಮೆಲ್ಲಗೆ, ಒಂದು ತಾಳಕ್ಕೆ ಒಂದೇ ಪೆಟ್ಟು. ಮೊದಲು ಯಾರಿಗೂ ಗೊತ್ತಾಗಲಿಲ್ಲ. ಹಾಡು ಮಾತ್ರ ನೆಲಕ್ಕಿಳಿದು ಸಮನಾಗಿ ನಡೆಯತೊಡಗಿತು. ಢೋಲಕ್ಕಿನವನು ನೆಟ್ಟಗೆ ಕೂತ. ರಾಜಣ್ಣ ಕಣ್ಣು ಮುಚ್ಚಿಕೊಂಡೇ ತಲೆದೂಗಿದ. ಆಮೇಲೆ ಥಟ್ಟನೆ ಕಣ್ಣು ಬಿಟ್ಟು, ಮಲಗಿದ್ದ ಗಂಗಾಧರನ ಕಡೆ ನೋಡಿದ. ಆದರೂ ಕೈ ನಿಲ್ಲಿಸಲಿಲ್ಲ.

ಕೆಂಚಪ್ಪ ಬಾಗಿಲು ತಳ್ಳಿ ಒಳಗೆ ಬಂದ. ತಮ್ಮನ ಮಗಳ ಬೆರಳು ತಂತಿಯ ಮೇಲೆ ಓಡಾಡುವುದನ್ನು ನೋಡುತ್ತ ನಿಂತ. ಅವಳು ತಲೆ ಎತ್ತಲಿಲ್ಲ. ಕಿವಿ ಕೆಂಪಗಾಗಿತ್ತು, ತಾಳ ತಪ್ಪಲಿಲ್ಲ.

"ಹಂಗಾರೆ ಹೋದ ವರ್ಷದಿಂದ ಸಂಜೆ ಹೊತ್ತು..." ಅಂದ. ತನ್ನ ಎಡಗೈಯನ್ನು ಮಡಚಿ ನೋಡಿಕೊಂಡ. ಬಿಚ್ಚಿದ. "ಟವೆಲು," ಅಂದುಕೊಂಡ ತನ್ನಷ್ಟಕ್ಕೆ.

"ದೊಡ್ಡಪ್ಪ, ಅಪ್ಪನ ಹೆಸರಿಗೆ..." ಅಂದಳು ಆಶಾ.

"ನಂಗೊತ್ತಾಯ್ತು ಬುಡವ್ವ. ನೀನು ಬಾರ್ಸು."

ಅವನು ಹೊರಗೆ ಹೋದ. ಪದ ಒಂದು ಸುತ್ತು ಮುಗಿದು ತಾಳ ತಗ್ಗಿತ್ತು. ರಾಜಣ್ಣನ ಮಾತು ಬಾಗಿಲ ಸಂದಿನಿಂದ ಒಳಗೆ ಬಂತು. "ಒಳಗ್ಯಾರು ಕೆಂಚಪ್ಪ? ಥೇಟು ಗಂಗಾಧರನ ಕೈಯಿ."

"ಅವನ್ದೇ ಕೈ ಕಣ್ಲಾ. ಮಗಳಿಗೆ ಕಲಿಸ್ಬಿಟ್ಟು ಹೋಗವ್ನೆ." ತೋಟದಿಂದ ವಾಪಸ್ಸು ಬಂದಿದ್ದ ಮಣ್ಣುಗಾಲಿನವನ ಕಡೆ ತಿರುಗಿ ಹೇಳಿದ, "ಗಿಟಾರ್ ಬರಲ್ಲ. ಮನೇಲಿರ್ಲಿ."

"ಗುಂಡಿ ಅಗಲ ತೆಗ್ದಾಯ್ತಲ್ಲಣ್ಣ."

"ಆಗ್ಲಿ ಬುಡು. ಆರಾಮಾಗಿ ಮಲಕ್ಕೊಂತಾನೆ."

ಚಟ್ಟ ಎತ್ತಿದರು. ಆಶಾ ನಿಲ್ಲಿಸಲಿಲ್ಲ, ಎಲ್ಲಕ್ಕಿಂತ ದಪ್ಪ ತಂತಿಗೆ ಬಂದು ಒಂದೇ ಸ್ವರವನ್ನು ಹಿಡಿದುಕೊಂಡಳು. ಮೇಲೆ ಮೂಲೆಯಲ್ಲೆಲ್ಲೋ ಒಂದು ಕಾಯಿ ಲೊಡ ಅಂದಿತು. ಅದರ ಪಕ್ಕದ್ದು ಸೇರಿಕೊಂಡಿತು, ಆಮೇಲೆ ಆ ಸಾಲು ಪೂರ್ತಿ.

ರಾಮಲಕ್ಷ್ಮಮ್ಮ ಬಂದು ಕೋಣೆಯ ಬಾಗಿಲಿಗೆ ಒರಗಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ತಲೆ ಎತ್ತಿ ಅಟ್ಟವನ್ನೇ ಕೇಳಿದಳು.

"ಮೂಲೇವು ಆಗವೆ ಕಣೇ," ಅಂದಳು. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು. "ತಿಥಿ ಕಳ್ದ ಮ್ಯಾಲೆ ಇಳ್ಸಾನ."

ಆಶಾ ಕಾಲ ಕೆಳಗಿನ ಗೋಣಿಚೀಲವನ್ನು ಪಕ್ಕಕ್ಕೆ ತಳ್ಳಿ ಎರಡೂ ಬರಿಗಾಲನ್ನು ನೆಲಕ್ಕೆ ಊರಿದಳು. ತಂತಿಯ ನಡುಕದ ಜೊತೆಗೆ ಹೊತ್ತವರ ಹೆಜ್ಜೆಯೂ ಅಂಗಾಲಿಗೆ ಬರುತ್ತಿತ್ತು. ಅಂಗಳ ದಾಟಿತು, ಕಣ ದಾಟಿತು, ತೋಟದ ಮೆತ್ತನೆ ಮಣ್ಣಿಗೆ ಇಳಿಯಿತು. ಆ ಹೆಜ್ಜೆ ಕಾಲಿಗೆ ಸಿಗದಾದ ಮೇಲೂ ಅಟ್ಟದ ಮೇಲೆ ಆಗಿದ್ದ ಕಾಯಿಗಳು ಸದ್ದು ಮಾಡುತ್ತಲೇ ಇದ್ದವು.