ಬೇಲಿಯೊಳಗೆ ಆಡಿದ ಮಾತು

ಗ್ರೀಸ್ ದೇಶದ ಮಿಕೀನೆಸ್‌ನ ಹಳೆಯ ಕೋಟೆಯ ಬೇಲಿಯೊಳಗೆ ಕಾಲಿಟ್ಟರೆ ಸ್ತಮಾತಾ ಮೂಗಿ. ಹೊರಗೆ ಮಾತ್ರ ಅವಳ ಬಾಯಿ ಹಿಡಿಯುವವರಿಲ್ಲ. ಇದೇನು ಮೌನವ್ರತವಲ್ಲ, ಕಾನೂನು. ಸರ್ಕಾರ ಕೊಟ್ಟ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಂಡ ಗೈಡುಗಳ ಹೊರತು ಬೇರೆ ಯಾರೂ ಒಳಗೆ ನಿಂತು ಜನರಿಗೆ ವಿವರಿಸುವಂತಿಲ್ಲ.

ಆದರೆ ರಸ್ತೆ ಬದಿಯ ಆಲಿವ್ ಮರದ ನೆರಳು ಯಾರಪ್ಪನ ಆಸ್ತಿಯೂ ಅಲ್ಲವಲ್ಲ! ಬೇರೆ ದೇಶಗಳಿಂದ ಸುತ್ತಾಡಲು ಬಂದ ಹುಡುಗ ಹುಡುಗಿಯರನ್ನು ನಾಫ್ಲಿಯೊ ಊರಿನಿಂದ ಸಾದಾ ಬಸ್ಸಿನಲ್ಲಿ ಕರೆತಂದು ಅವಳು ಅಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಆ ಕೋಟೆಯ ರಾಜನ ಕೊಲೆ, ರಾಣಿಯ ಸೇಡು, ಮಗನ ಕೈಯಲ್ಲಿ ತಾಯಿಯ ಸಾವು, ಎಲ್ಲವನ್ನೂ ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಿ ಆಮೇಲೆ ಒಳಗೆ ಕರೆದೊಯ್ಯುತ್ತಿದ್ದಳು. ಒಳಗೆ ಒಂದು ಬಾಗಿಲಿನ ಹತ್ತಿರ ಸುಮ್ಮನೆ ನಿಂತರೆ ಸಾಕು, ಹುಡುಗರೇ ಅರ್ಥ ಮಾಡಿಕೊಳ್ಳುತ್ತಿದ್ದರು. ತಲೆಗೆ ಇಪ್ಪತ್ತು ಯೂರೋ, ಬಸ್ಸು ಬುತ್ತಿ ಎಲ್ಲ ಸೇರಿ. ಖಾಲಿ ಜೇಬಿನ ಆ ಮಕ್ಕಳಿಗೆ ಅದಕ್ಕಿಂತ ಅಗ್ಗದ ದಾರಿ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಅವಳೂ ಗೈಡುಗಳ ಶಾಲೆಗೆ ಸೇರುವವಳಿದ್ದಳು. ಅರ್ಜಿ ಹೋಗಿತ್ತು. ಅಷ್ಟರೊಳಗೆ ಹೆಸರಿನ ಮೇಲೆ ಒಂದು ಕೇಸು ಬಿದ್ದರೂ ಆ ಶಾಲೆಯ ಬಾಗಿಲು ಮುಚ್ಚಿದಂತೆ ಎಂದು ಊರವರೆಲ್ಲ ಹೆದರಿಸಿದ್ದರು. ಹಾಗಾಗಿ ನಾಲಿಗೆ ಎಷ್ಟು ತುರಿಸಿದರೂ ಅವಳು ಹಲ್ಲು ಕಚ್ಚಿಕೊಂಡೇ ಇರುತ್ತಿದ್ದಳು.

ಅವಳ ಗೆಳತಿ ಅರ್ಗಿರೊ ಮಾತ್ರ ಆ ಶಾಲೆ ಮುಗಿಸಿ ಬಿಲ್ಲೆ ಪಡೆದಿದ್ದಳು. ಒಂದೇ ಬೀದಿಯವರು, ಒಂದೇ ಬೆಂಚಿನಲ್ಲಿ ಓದಿದವರು. ಅರ್ಗಿರೊಳ ಪರೀಕ್ಷೆಗೆಂದು ಇಡೀ ಚಳಿಗಾಲ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳಿ, ತಪ್ಪು ತಿದ್ದಿ, ಆ ಕೋಟೆಯ ಕಾವಲುಗಾರನಾಗಿದ್ದ ತನ್ನಜ್ಜ ಹೇಳಿಕೊಟ್ಟದ್ದನ್ನೆಲ್ಲ ಧಾರೆ ಎರೆದವಳು ಈ ಸ್ತಮಾತಾಳೇ.

ಜೂನ್ ತಿಂಗಳ ಆ ಗುರುವಾರ ಅರ್ಗಿರೊ ತಾನಾಗಿಯೇ ಬಸ್‌ಸ್ಟ್ಯಾಂಡಿಗೆ ಬಂದಳು. "ಇವತ್ತು ನನಗೆ ಯಾವ ಗುಂಪೂ ಇಲ್ಲ ಕಣೇ. ಸುಮ್ನೆ ನಿನ್ ಜೊತೆ ಬರ್ತೀನಿ."

"ಬಾರೇ ಮಹಾರಾಯ್ತಿ, ಬಿಲ್ಲೆ ಬಂದ್ಮೇಲೆ ನಮ್ಮಂಥೋರ ನೆನಪೂ ಇದ್ಯಲ್ಲ!" ಎಂದು ಸ್ತಮಾತಾ ನಕ್ಕಳು. ನಿಜಕ್ಕೂ ಅವಳಿಗೆ ಖುಷಿಯಾಗಿತ್ತು.

ಕೋಟೆ ನೋಡಿ, ಕೆಳಗಿನ ಗುಮ್ಮಟದ ಸಮಾಧಿಗೆ ಬಂದರು. ಹದಿನಾಲ್ಕು ಮಕ್ಕಳು ಕತ್ತೆತ್ತಿ ನೋಡುತ್ತಾ ನಿಂತರು. ಮೇಲೆ ಕಲ್ಲಿನ ಸಂದಿಯಲ್ಲಿ ಜೇನು ಗುಂಯ್‌ಗುಡುತ್ತಿತ್ತು. ಅರ್ಗಿರೊ ಗೆಳತಿಯ ಹೆಗಲ ಮೇಲೆ ಗಲ್ಲ ಇಟ್ಟಳು.

"ನಿಮ್ಮಜ್ಜ ಹುಟ್ಟಿದ್ದು ಇಲ್ಲೇ ಅಲ್ವೇನೇ? ಹೇಳೇ, ನಿನ್ ಬಾಯಲ್ಲಿ ಕೇಳಿ ಎಷ್ಟು ದಿನ ಆಯ್ತು."

"ಸುಮ್ನಿರೇ, ಒಳಗಿದ್ದೀವಿ."

"ಅಯ್ಯೋ, ನನಗೆ ಹೇಳೋಕೂ ಬಿಲ್ಲೆ ಬೇಕಾ? ನಾನೇನು ಪ್ರವಾಸಕ್ಕೆ ಬಂದೋಳಾ?"

ಅದೂ ಹೌದಲ್ಲ! ಗೆಳತಿಗೆ ಗೆಳತಿ ಅಜ್ಜನ ಸುದ್ದಿ ಹೇಳುವುದನ್ನು ಯಾವ ಕಾನೂನು ತಡೆಯುತ್ತದೆ? ಸ್ತಮಾತಾ ಮೆಲ್ಲಗೆ ಶುರು ಮಾಡಿದಳು. ಕುರಿ ಕಾಯಲು ಬಂದ ಮುತ್ತಜ್ಜಿಗೆ ಆಲಿಕಲ್ಲು ಮಳೆಯಲ್ಲಿ ಹೆರಿಗೆ ನೋವು ಬಂದದ್ದು, ಒಳಗೆ ಓಡಿಬಂದು ಬೆಂಕಿ ಹಾಕಿಕೊಂಡದ್ದು, ಮಗು ಅತ್ತಾಗ ಇಡೀ ಗುಮ್ಮಟ ಅತ್ತದ್ದು. "ಅಜ್ಜ ಹೇಳ್ತಿದ್ದ, ಸಾಯಕ್ಕೆ ಬಂದ ರಾಜರು ಬೇಕಾದಷ್ಟು ಜನ ಇದ್ದಾರೆ, ಇಲ್ಲಿ ಹುಟ್ಟಿದೋನು ನಾನೊಬ್ನೇ ಅಂತ."

ಆ ಗುಮ್ಮಟದ ಗುಣವೇ ಅಂಥದ್ದು, ಒಬ್ಬರ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳುತ್ತದೆ. ಮಕ್ಕಳು ಒಬ್ಬೊಬ್ಬರಾಗಿ ಸುತ್ತ ಸೇರಿದರು, ಗೊಳ್ಳೆಂದು ನಕ್ಕರು. ಸ್ತಮಾತಾಗೂ ಮೈಮರೆತು ಹೋಯಿತು. ಪಾಪ, ಎರಡು ವರ್ಷ ಕಟ್ಟಿಟ್ಟುಕೊಂಡ ಮಾತು! ಬೆಂಕಿಯ ಹೊಗೆ ಹತ್ತಿದ ಕಲ್ಲುಗಳನ್ನು ಕೈ ಮಾಡಿ ತೋರಿಸಿಯೂ ಬಿಟ್ಟಳು.

ಹುಲ್ಲಿನ ಟೋಪಿ ಹಾಕಿಕೊಂಡು ಗೋಡೆಗೊರಗಿದ್ದ ಹೆಂಗಸೊಬ್ಬಳು ಮುಂದೆ ಬಂದು ಗುರುತಿನ ಚೀಟಿ ತೋರಿಸಿದಳು. ಪ್ರವಾಸೋದ್ಯಮ ಇಲಾಖೆಯವಳು.

"ನಿಮ್ಮ ಬಿಲ್ಲೆ ಎಲ್ಲಮ್ಮ?"

ಪೋಲೆಂಡಿನ ಹುಡುಗನೊಬ್ಬ, "ಅಕ್ಕ ಅವರಜ್ಜನ ವಿಷಯ ಹೇಳ್ತಿದ್ರು ಅಷ್ಟೆ, ಬಿಟ್ಬಿಡಿ ಮೇಡಂ" ಎಂದು ಅಂಗಲಾಚಿದ. ಆದರೆ ಆ ಹೊತ್ತಿನಲ್ಲೂ ಸ್ತಮಾತಾಗೆ ಮೊದಲು ನೆನಪಾದದ್ದು ಗೆಳತಿಯೇ. ಕಳ್ಳ ಗೈಡಿನ ಜೊತೆ ಸಿಕ್ಕಿಬಿದ್ದರೆ ಅವಳ ಬಿಲ್ಲೆಯನ್ನೂ ಕಿತ್ತುಕೊಂಡಾರು!

"ಇವಳು ಯಾರೋ ನನಗೆ ಗೊತ್ತಿಲ್ಲ ಮೇಡಂ. ಸುಮ್ನೆ ಪಕ್ಕದಲ್ಲಿ ನಿಂತಿದ್ಲು. ಇವಳ ಹೆಸರು ಬರೀಬೇಡಿ, ನಿಮ್ಮ ದಮ್ಮಯ್ಯ."

ಆ ಹೆಂಗಸು ಕಾಗದದಿಂದ ತಲೆಯೆತ್ತಿ ಇಬ್ಬರನ್ನೂ ನೋಡಿದಳು. "ಇವರ ಹೆಸರು ಆಗಲೇ ಬರೆದಿದೆಯಲ್ಲ. ದೂರು ಕೊಟ್ಟಿದ್ದೇ ಇವರು."

ಅವಳು ಚಾಚಿದ ದೂರಿನ ಕಾಗದವನ್ನು ಸ್ತಮಾತಾ ಎರಡು ಸಲ ಓದಿದಳು. ಅರ್ಗಿರೊಳ ಗುಂಡು ಗುಂಡಾದ ಅಕ್ಷರ, ಕೆಳಗೆ ಸಹಿ, ಪಕ್ಕದಲ್ಲಿ ತಾರೀಖು. ಮೇ ಒಂಬತ್ತು.

ಮೇ ಒಂಬತ್ತು ಸ್ತಮಾತಾಳ ಅಪ್ಪ ಕ್ರಿಸ್ತೋಫೋರೋಸನ ಹೆಸರಿನ ಸಂತನ ಹಬ್ಬ. ಅಲ್ಲಿ ಅದು ಹುಟ್ಟುಹಬ್ಬವಿದ್ದ ಹಾಗೆ, ಆದರೆ ಆ ದಿನ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಬಾಗಿಲು ತೆರೆದಿರುತ್ತದೆ, ಬಂದವರಿಗೆ ಬಡಿಸುವುದು. ಅರ್ಗಿರೊ ಕೂಡ ಬಂದಿದ್ದಳು. "ನೂರು ಕಾಲ ಬಾಳು ಮಾಮ" ಎಂದು ಅಪ್ಪನನ್ನು ತಬ್ಬಿಕೊಂಡು, ಅಮ್ಮ ಬೇಯಿಸಿದ ಕುರಿಮರಿ ಮಾಂಸವನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದಿದ್ದಳು. ಉಂಡ ಮನೆಗೆ ಎರಡು ಬಗೆಯುವವರ ಬಗ್ಗೆ ಕೇಳಿದ್ದಳೇ ಹೊರತು ಅಂಥವರು ತನ್ನ ಹೆಗಲ ಮೇಲೇ ಗಲ್ಲ ಇಟ್ಟಾರೆಂದು ಸ್ತಮಾತಾ ಕನಸಿನಲ್ಲೂ ಎಣಿಸಿರಲಿಲ್ಲ.

"ಏನು ಮಾಡಲೇ?" ಅರ್ಗಿರೊ ನೆಲ ನೋಡುತ್ತಾ ಹೇಳಿದಳು. "ಕಷ್ಟಪಟ್ಟು ಓದಿದೋಳು ನಾನು. ನೀನು ಇಪ್ಪತ್ತಕ್ಕೆ ಕರ್ಕೊಂಡು ಬಂದ್ರೆ ನನ್ ಹತ್ರ ಯಾವ ಹುಡುಗರು ಬರ್ತಾರೆ? ಈ ಮಕ್ಕಳನ್ನ ನಾನೇ ನೋಡ್ಕೋತೀನಿ ಬಿಡು, ಅವರ ದಿನ ಹಾಳಾಗಬಾರದು."

ಮಕ್ಕಳು ಮುಖ ಮುಖ ನೋಡಿಕೊಂಡರು. ಸ್ತಮಾತಾಗೆ ಕೂಗಾಡಬೇಕು, ಕೆನ್ನೆಗೆ ಬಾರಿಸಬೇಕು ಎಂದೆಲ್ಲ ಅನ್ನಿಸಿತು. ಬಾಯಿಂದ ಬಂದದ್ದು ಒಂದೇ ಪ್ರಶ್ನೆ.

"ಅವತ್ತು ನಮ್ಮನೇಲಿ ಊಟ ಮಾಡ್ಕೊಂಡು ಹೋಗಿ ಇದನ್ನ ಕೊಟ್ಯಾ, ಇಲ್ಲ ಕೊಟ್ಟು ಬಂದು ಊಟಕ್ಕೆ ಕೂತ್ಯಾ?"

"ಕೊಟ್ಟೇ ಬಂದೆ," ಎಂದಳು ಅರ್ಗಿರೊ. "ಕಚೇರಿ ಎರಡು ಗಂಟೆಗೇ ಮುಚ್ಚಿಬಿಡ್ತಾರಲ್ಲ."